ಅಸಲಿ ಎಂಬ ಮುದ್ರೆಗೆ ಹೊಣೆ ಯಾರದು? ಸ್ನೀಕರ್ ಮರುಮಾರಾಟದ ಒಳಲೆಕ್ಕ

ಶೂ ತಯಾರಕ ಕಂಪನಿ ನೈಕಿ ಮತ್ತು ಆನ್‌ಲೈನ್ ಮರುಮಾರಾಟ ತಾಣ ಸ್ಟಾಕ್‌ಎಕ್ಸ್ ನಡುವೆ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯದಲ್ಲಿ ಮೂರೂವರೆ ವರ್ಷ ನಡೆದ ಮೊಕದ್ದಮೆ 2025ರ ಆಗಸ್ಟ್‌ನಲ್ಲಿ ರಾಜಿಯಲ್ಲಿ ಕೊನೆಗೊಂಡಿತು. ರಾಜಿಯ ಷರತ್ತುಗಳನ್ನು ಎರಡೂ ಕಡೆಯವರು ಬಹಿರಂಗಪಡಿಸಲಿಲ್ಲ. ಅದಕ್ಕೂ ಐದು ತಿಂಗಳ ಮೊದಲು, ಮಾರ್ಚ್‌ನಲ್ಲಿ, ನ್ಯಾಯಾಧೀಶೆ ವ್ಯಾಲರಿ ಕಪ್ರೋನಿ ಅವರು ನೈಕಿ ಹೆಸರಿನ 37 ಜೊತೆ ನಕಲಿ ಶೂಗಳ ಮಾರಾಟಕ್ಕೆ ಸ್ಟಾಕ್‌ಎಕ್ಸ್ ಹೊಣೆ ಎಂದು ತೀರ್ಮಾನಿಸಿದ್ದರು. ಉಳಿದ ಆರೋಪಗಳು ಜ್ಯೂರಿಯ ಮುಂದೆ ಬರಬೇಕಿದ್ದವು, ಬರಲಿಲ್ಲ.

ಈ ಸುದ್ದಿ ಓದಿದವರಲ್ಲಿ ಗೊಂದಲ ಹುಟ್ಟಿದ್ದರೆ ಅದು ಸಹಜ. ಶೂ ತಯಾರಿಸದ, ಮಾರುವವನಿಂದ ಪಡೆದು ಕೊಳ್ಳುವವನಿಗೆ ತಲುಪಿಸುವುದಷ್ಟೇ ತನ್ನ ಕೆಲಸ ಎನ್ನುವ ಕಂಪನಿಯೊಂದು ನಕಲಿ ಮಾರಿದ ತಪ್ಪಿಗೆ ಸಿಲುಕಿದ್ದು ಹೇಗೆ? ಕೋಟ್ಯಂತರ ಸರಕುಗಳು ಕೈಬದಲಾಗುವ ತಾಣವೊಂದರಲ್ಲಿ ಬರೀ 37 ಜೊತೆ ಶೂಗಳಿಗೆ ಇಷ್ಟು ದೊಡ್ಡ ಜಗಳ ಏಕೆ? ಒಮ್ಮೆ ಮಾರಿದ ಮೇಲೆ ಆ ಶೂ ಯಾರ ಕೈಗೆ ಹೋದರೆ ನೈಕಿಗೇನು? ಈ ಪ್ರಶ್ನೆಗಳಿಗೆ ಉತ್ತರ ಬೇಕಿದ್ದರೆ, ಈ ಮಾರುಕಟ್ಟೆಯಲ್ಲಿ ನಿಜವಾಗಿ ಮಾರಾಟವಾಗುವುದು ಏನು ಎಂಬುದನ್ನು ಮೊದಲು ನೋಡಬೇಕು. ಶೂವಿನ ಅಂಗಡಿ ಬೆಲೆಯ ಮೇಲೆ ಗ್ರಾಹಕ ಕೊಡುವ ಹೆಚ್ಚುವರಿ ಹಣ ಎರಡು ಸಂಗತಿಗಳ ಮೇಲೆ ನಿಂತಿದೆ. ಒಂದು, ತಯಾರಕ ಕಂಪನಿ ಹುಟ್ಟುಹಾಕುವ ಅಭಾವ. ಇನ್ನೊಂದು, ಮರುಮಾರಾಟ ತಾಣ ಒತ್ತುವ ಅಸಲಿತನದ ಮುದ್ರೆ. ಇವೆರಡೂ ಗ್ರಾಹಕನ ಹತೋಟಿಯಲ್ಲಿಲ್ಲ. ಇವೆರಡರಲ್ಲಿ ಯಾವುದು ಕೈಕೊಟ್ಟರೂ ನಷ್ಟ ಮಾತ್ರ ಮೊದಲು ಅವನದೇ.

ಸಾಲಿನಲ್ಲಿ ನಿಂತವರಿಂದ ಷೇರುಪೇಟೆಯ ಮಾದರಿಯವರೆಗೆ

ಸ್ನೀಕರ್ ಸಂಗ್ರಹಿಸುವ ಹವ್ಯಾಸ ಹೊಸದಲ್ಲ. 1985ರಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕಲ್ ಜೋರ್ಡನ್ ಹೆಸರಿನಲ್ಲಿ ನೈಕಿ 65 ಡಾಲರ್ ಬೆಲೆಯ ಏರ್ ಜೋರ್ಡನ್ ಶೂವನ್ನು ಮಾರುಕಟ್ಟೆಗೆ ತಂದ ಮೇಲೆ, ಆಟದ ಶೂ ಎಂಬುದು ಆಟಕ್ಕಷ್ಟೇ ಸೀಮಿತವಾದ ವಸ್ತುವಾಗಿ ಉಳಿಯಲಿಲ್ಲ. 2005ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನ ಲೋಯರ್ ಈಸ್ಟ್ ಸೈಡ್‌ನ ಪುಟ್ಟ ಅಂಗಡಿಯೊಂದರಲ್ಲಿ, ಒಟ್ಟು 150 ಜೊತೆಯಷ್ಟೇ ತಯಾರಾಗಿದ್ದ ನೈಕಿಯ 'ಪಿಜನ್ ಡಂಕ್' ಶೂವಿನ ಬಿಡುಗಡೆಯ ದಿನ ನೂಕುನುಗ್ಗಲು ಎಷ್ಟಿತ್ತೆಂದರೆ, ಶೂ ಕೊಂಡವರನ್ನು ಪೊಲೀಸರೇ ಕಾವಲಿನಲ್ಲಿ ಕರೆದೊಯ್ದು ಟ್ಯಾಕ್ಸಿ ಹತ್ತಿಸಬೇಕಾಯಿತು. ಅಂದಿನ ಮರುಮಾರಾಟ ನಡೆಯುತ್ತಿದ್ದುದು ಹೆಚ್ಚಾಗಿ ಆನ್‌ಲೈನ್ ಹರಾಜು ತಾಣ ಇಬೇಯಲ್ಲಿ ಮತ್ತು ಫ್ಲೈಟ್ ಕ್ಲಬ್‌ನಂತಹ, ಸಂಗ್ರಾಹಕರ ಶೂಗಳನ್ನು ಇಟ್ಟುಕೊಂಡು ಕಮಿಷನ್ ಮೇಲೆ ಮಾರಿಕೊಡುವ ಅಂಗಡಿಗಳಲ್ಲಿ. ಬೆಲೆ ಎಷ್ಟಿರಬೇಕೆಂಬುದಕ್ಕೆ ಖಚಿತ ಅಳತೆಗೋಲು ಇರಲಿಲ್ಲ. ಚಿತ್ರ ನೋಡಿ ಹಣ ಕಟ್ಟಿದವರಿಗೆ ಏನು ಬರುತ್ತದೆಂಬ ಭರವಸೆಯೂ ಇರಲಿಲ್ಲ.

ಈ ಎರಡು ಕೊರತೆಗಳಿಂದ ಎರಡು ದೊಡ್ಡ ತಾಣಗಳು ಹುಟ್ಟಿದವು. ಇಬೇಯಲ್ಲಿ ನಡೆದ ಮಾರಾಟಗಳ ಬೆಲೆಯನ್ನು ಕಲೆಹಾಕಿ 'ಕ್ಯಾಂಪ್ಲೆಸ್' ಎಂಬ ದರಪಟ್ಟಿ ರೂಪಿಸಿದ್ದ ಜೋಷ್ ಲೂಬರ್, ಉದ್ಯಮಿ ಡಾನ್ ಗಿಲ್ಬರ್ಟ್ ಮುಂತಾದವರೊಡನೆ ಸೇರಿ 2016ರಲ್ಲಿ ಡೆಟ್ರಾಯಿಟ್‌ನಲ್ಲಿ ಸ್ಟಾಕ್‌ಎಕ್ಸ್ ಆರಂಭಿಸಿದರು. ಅದಕ್ಕೆ ತುಸು ಮೊದಲು, 2015ರಲ್ಲಿ, ಎಡ್ಡಿ ಲೂ ಮತ್ತು ಡೈಶಿನ್ ಸುಗಾನೊ ಎಂಬ ಗೆಳೆಯರು ಗೋಟ್ ಸ್ಥಾಪಿಸಿದ್ದರು. ಸುಗಾನೊ ಆನ್‌ಲೈನ್‌ನಲ್ಲಿ ಕೊಂಡ ಏರ್ ಜೋರ್ಡನ್ 5 ನಕಲಿಯಾಗಿದ್ದುದೇ ಅದರ ಹುಟ್ಟಿಗೆ ಪ್ರೇರಣೆ. 2021ರ ಹೊತ್ತಿಗೆ ಹೂಡಿಕೆದಾರರು ಸ್ಟಾಕ್‌ಎಕ್ಸ್‌ಗೆ 380 ಕೋಟಿ ಡಾಲರ್, ಗೋಟ್‌ಗೆ 370 ಕೋಟಿ ಡಾಲರ್ ಮೌಲ್ಯ ಕಟ್ಟಿದ್ದರು.

ಸ್ಟಾಕ್‌ಎಕ್ಸ್‌ನ ಹೆಸರೇ ಸೂಚಿಸುವಂತೆ ಅದು ಷೇರುಪೇಟೆಯ ಕ್ರಮವನ್ನು ಶೂಗಳಿಗೆ ಅನ್ವಯಿಸಿತು. ಕೊಳ್ಳುವವರು ತಾವು ಕೊಡಬಲ್ಲ ಬೆಲೆಯನ್ನು ಬಿಡ್ ಎಂದು, ಮಾರುವವರು ತಮಗೆ ಬೇಕಾದ ಬೆಲೆಯನ್ನು ಆಸ್ಕ್ ಎಂದು ನಮೂದಿಸುತ್ತಾರೆ. ಎರಡೂ ಕೂಡಿದ ಕ್ಷಣ ವ್ಯಾಪಾರ ಮುಗಿಯುತ್ತದೆ. ಮಾರಿದವನು ಶೂವನ್ನು ತಾಣದ ಪರಿಶೀಲನಾ ಕೇಂದ್ರಕ್ಕೆ ಕಳುಹಿಸುತ್ತಾನೆ, ಅಲ್ಲಿ ಪರೀಕ್ಷೆಯಾದ ಮೇಲೆ ಅದು ಕೊಂಡವನಿಗೆ ಹೋಗುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಷೇರುಪೇಟೆಯಲ್ಲಿ ಒಂದು ಕಂಪನಿಯ ಒಂದು ಷೇರಿಗೂ ಮತ್ತೊಂದಕ್ಕೂ ವ್ಯತ್ಯಾಸವಿಲ್ಲ. ಅದೇ ರೀತಿ, ಒಂದೇ ಮಾದರಿಯ, ಒಂದೇ ಅಳತೆಯ, ಕಾಲಿಗೆ ಹಾಕದ ಹೊಸ ಶೂಗಳೆಲ್ಲ ಒಂದೇ ಎಂದು ಈ ತಾಣ ಭಾವಿಸುತ್ತದೆ. ಆದ್ದರಿಂದ ಕೊಳ್ಳುವವನು ತನಗೆ ಬರಲಿರುವ ಶೂವಿನ ಚಿತ್ರವನ್ನು ನೋಡುವುದಿಲ್ಲ, ಮಾರುವವನು ಯಾರೆಂದು ಅವನಿಗೆ ತಿಳಿಯುವುದೂ ಇಲ್ಲ. ಅವನು ನಂಬುವುದು ಮಧ್ಯದಲ್ಲಿರುವ ತಾಣವನ್ನು ಮಾತ್ರ. ಮುಂದೆ ಕೋರ್ಟಿನಲ್ಲಿ ಎದ್ದ ಪ್ರಶ್ನೆಯ ಬೇರು ಈ ಏರ್ಪಾಡಿನಲ್ಲೇ ಇದೆ.

ಅಭಾವವನ್ನು ಹುಟ್ಟಿಸುವವರು

ಮರುಮಾರಾಟಗಾರರನ್ನು ಕಾಳಸಂತೆಕೋರರೆಂದು ಬೈಯುವುದು ಸುಲಭ. ಆದರೆ ಅವರು ಬೆಲೆ ಏರಿಸಲು ಸಾಧ್ಯವಾಗುವುದು ತಯಾರಕರು ಬೇಡಿಕೆಗಿಂತ ತೀರಾ ಕಡಿಮೆ ಶೂಗಳನ್ನು, ಬೇಡಿಕೆ ತಾಳಬಲ್ಲ ಬೆಲೆಗಿಂತ ಕಡಿಮೆ ಬೆಲೆಗೆ ಬಿಡುಗಡೆ ಮಾಡಿದಾಗ ಮಾತ್ರ. ಕಂಪನಿಗಳು ಇದನ್ನು ತಿಳಿದೇ ಮಾಡುತ್ತವೆ. ಒಂದು ಮಾದರಿ ಕೆಲವೇ ನಿಮಿಷಗಳಲ್ಲಿ ಖಾಲಿಯಾಯಿತು, ಮರುದಿನ ಮೂರು ಪಟ್ಟು ಬೆಲೆಗೆ ಮಾರಾಟವಾಯಿತು ಎಂಬ ಸುದ್ದಿ ಆ ಬ್ರ್ಯಾಂಡಿಗೆ ಹಣ ತೆತ್ತೂ ಸಿಗದಷ್ಟು ಪ್ರಚಾರ ಕೊಡುತ್ತದೆ. ವಿಶೇಷ ಮಾದರಿ ಸಿಗದೆ ನಿರಾಶರಾದವರಲ್ಲಿ ಹಲವರು ಅದೇ ಬ್ರ್ಯಾಂಡಿನ ಸಾಮಾನ್ಯ ಮಾದರಿಯನ್ನು ಕೊಳ್ಳುತ್ತಾರೆ. ಕಂಪನಿಯ ನಿಜವಾದ ವರಮಾನ ಬರುವುದು ಅಲ್ಲಿಂದ.

ಹೀಗಾಗಿ ಬ್ರ್ಯಾಂಡುಗಳಿಗೂ ಮರುಮಾರಾಟ ತಾಣಗಳಿಗೂ ಇರುವ ಸಂಬಂಧವನ್ನು ಬರೀ ವೈರವೆಂದು ಕರೆಯಲಾಗದು. ಹೊಸ ಶೂಗಳನ್ನು ಅಂಗಡಿ ಬೆಲೆಗೆ ಮಾರುವ ಫುಟ್ ಲಾಕರ್ ಸರಪಳಿಯೇ 2019ರಲ್ಲಿ ಗೋಟ್‌ನಲ್ಲಿ 10 ಕೋಟಿ ಡಾಲರ್ ಹೂಡಿತು. ಇತ್ತ 2021ರ ಮಾರ್ಚ್‌ನಲ್ಲಿ ನೈಕಿಯ ಉತ್ತರ ಅಮೆರಿಕ ವಿಭಾಗದ ಮುಖ್ಯಸ್ಥೆ ಆನ್ ಹೆಬರ್ಟ್ ಹುದ್ದೆ ತೊರೆಯಬೇಕಾಯಿತು. ಅವರ ಮಗ ದೊಡ್ಡ ಪ್ರಮಾಣದಲ್ಲಿ ಸ್ನೀಕರ್ ಮರುಮಾರಾಟ ನಡೆಸುತ್ತಿದ್ದ ಸಂಗತಿ ಪತ್ರಿಕಾ ವರದಿಯಿಂದ ಬೆಳಕಿಗೆ ಬಂದಿತ್ತು. ಮರುವರ್ಷದ ಅಕ್ಟೋಬರ್‌ನಲ್ಲಿ ನೈಕಿ ತನ್ನ ಮಾರಾಟದ ನಿಯಮಗಳನ್ನು ಬಿಗಿಗೊಳಿಸಿ, ಮರುಮಾರಾಟಕ್ಕೆಂದು ಮಾಡಿದ ಅಥವಾ ಬಾಟ್ ಬಳಸಿ ಮಾಡಿದ ಆರ್ಡರ್‌ಗಳನ್ನು ರದ್ದುಪಡಿಸುವ ಹಕ್ಕು ತನಗಿದೆ ಎಂದು ಸ್ಪಷ್ಟಪಡಿಸಿತು.

ಬಾಟ್ ಎಂದರೆ ನೂರಾರು ಖಾತೆಗಳಿಂದ, ಬೇರೆಬೇರೆ ಕಡೆಯಿಂದ ಬಂದಂತೆ ತೋರುವ ಕೋರಿಕೆಗಳನ್ನು ಕ್ಷಣಾರ್ಧದಲ್ಲಿ ಕಳುಹಿಸುವ ತಂತ್ರಾಂಶ. ಒಂದೇ ಮನೆಯ ವಿಳಾಸದ ಅಕ್ಷರಗಳನ್ನು ಚೂರುಚೂರು ಬದಲಿಸಿ ಹತ್ತು ಮನೆಗಳೆಂಬಂತೆ ತೋರಿಸುವುದೂ ಅದರ ಕೆಲಸದ ಭಾಗ. ಅಮೆರಿಕದಲ್ಲಿ 2016ರಲ್ಲಿ ಬಂದ ಬಾಟ್ಸ್ ಕಾಯ್ದೆ ಕಾರ್ಯಕ್ರಮಗಳ ಟಿಕೆಟುಗಳನ್ನು ಹೀಗೆ ಬಾಚಿಕೊಳ್ಳುವುದನ್ನಷ್ಟೇ ನಿಷೇಧಿಸಿತು. ಅದನ್ನು ಇತರ ಸರಕುಗಳಿಗೂ ವಿಸ್ತರಿಸುವ ಮಸೂದೆ ಸಂಸತ್ತಿನಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಮಂಡನೆಯಾದರೂ ಕಾನೂನಾಗಲಿಲ್ಲ. ಕಂಪನಿಗಳು ಮೊದಲು ಬಂದವರಿಗೆ ಮೊದಲು ಎಂಬ ಕ್ರಮವನ್ನು ಬಿಟ್ಟು ಚೀಟಿ ಎತ್ತುವ ಕ್ರಮಕ್ಕೆ ಹೊರಳಿದ್ದು ಈ ಕಾರಣಕ್ಕೆ. ಚೀಟಿ ಎತ್ತುವಲ್ಲಿಯೂ ಹೆಚ್ಚು ಖಾತೆ ಉಳ್ಳವನಿಗೇ ಹೆಚ್ಚು ಅವಕಾಶ ಎಂಬುದನ್ನು ಮರೆಯುವಂತಿಲ್ಲ.

ತೋರುವ ಲಾಭ, ಉಳಿಯುವ ಹಣ

ತಾಣದ ಪರದೆಯ ಮೇಲೆ ಕಾಣುವ ಬೆಲೆ ಮಾರುವವನ ಕೈಸೇರುವ ಹಣವಲ್ಲ. ಇದನ್ನು ಒಂದು ಉದಾಹರಣೆಯಿಂದ ನೋಡಬಹುದು. 150 ಡಾಲರ್ ಅಂಗಡಿ ಬೆಲೆಯ ಶೂವನ್ನು ಒಬ್ಬರು ಶೇ 8ರಷ್ಟು ಮಾರಾಟ ತೆರಿಗೆ ಕೊಟ್ಟು 162 ಡಾಲರಿಗೆ ಕೊಂಡರು ಎಂದಿಟ್ಟುಕೊಳ್ಳೋಣ. ತಾಣದಲ್ಲಿ ಅದು 190 ಡಾಲರಿಗೆ ಮಾರಾಟವಾಯಿತು. ಹೊರನೋಟಕ್ಕೆ 28 ಡಾಲರ್ ಲಾಭ. ಆದರೆ ತಾಣದ ಕಮಿಷನ್ ಶೇ 10, ಹಣ ಪಾವತಿಯ ಶುಲ್ಕ ಶೇ 3 ಎಂದು ಹಿಡಿದರೆ 24 ಡಾಲರ್ 70 ಸೆಂಟ್ ಕಳೆಯುತ್ತದೆ. ಕೈಗೆ ಬರುವುದು 165 ಡಾಲರ್ 30 ಸೆಂಟ್. ಉಳಿದ ಲಾಭ 3 ಡಾಲರ್ 30 ಸೆಂಟ್. ಅದೇ ಶೂ 180 ಡಾಲರಿಗೆ ಮಾರಾಟವಾಗಿದ್ದರೆ, ಅಂಗಡಿ ಬೆಲೆಗಿಂತ 30 ಡಾಲರ್ ಹೆಚ್ಚಿಗೆ ಮಾರಿಯೂ, 5 ಡಾಲರ್ 40 ಸೆಂಟ್ ಕೈಯಿಂದ ಹೋಗುತ್ತಿತ್ತು. ಅತ್ತ ಕೊಂಡವನು ಅದೇ 190 ಡಾಲರಿನ ಮೇಲೆ ಸಾಗಣೆ, ಸಂಸ್ಕರಣಾ ಶುಲ್ಕ ಮತ್ತು ತೆರಿಗೆ ಸೇರಿಸಿ 210 ಡಾಲರನ್ನು ಮೀರಿ ತೆರುವುದು ಸಾಮಾನ್ಯ.

ಕೊಂಡವನು ತೆತ್ತದ್ದಕ್ಕೂ ಮಾರಿದವನು ಪಡೆದದ್ದಕ್ಕೂ ನಡುವೆ ಹೀಗೆ 44 ಡಾಲರಿಗೂ ಹೆಚ್ಚು ಅಂತರವಿದೆ. ತೆರಿಗೆ, ಸಾಗಣೆಗಳನ್ನು ಬಿಟ್ಟರೆ ಈ ಅಂತರದ ದೊಡ್ಡ ಭಾಗ ಹೋಗುವುದು ತಾಣಕ್ಕೆ. ಇಬ್ಬರು ಅಪರಿಚಿತರನ್ನು ಸೇರಿಸುವ ಕೆಲಸ ಇಂದು ಅಷ್ಟೇನೂ ದುಬಾರಿಯಲ್ಲ. ಉಚಿತ ಜಾಹೀರಾತಿನ ತಾಣಗಳೂ ಅದನ್ನು ಮಾಡುತ್ತವೆ. ಹಾಗಿದ್ದರೂ ಜನ ಇಷ್ಟು ಹಣ ಕೊಡಲು ಒಪ್ಪುವುದು ಶೂ ಅಸಲಿಯೇ ಎಂದು ಬೇರೊಬ್ಬರು ನೋಡಿ ಹೇಳುತ್ತಾರೆಂಬ ಭರವಸೆಗೆ. ಆ ಭರವಸೆಯೇ ತಾಣದ ಸರಕು.

ಅಸಲಿ ನಕಲಿಯ ಗೆರೆ ಏಕೆ ಮಸುಕಾಗಿದೆ

ಚೀನಾದ ಫುಜಿಯಾನ್ ಪ್ರಾಂತ್ಯದ ಪುಟಿಯಾನ್ ನಗರ ನಕಲಿ ಸ್ನೀಕರ್‌ಗಳಿಗೆ ಜಗತ್ತಿನಾದ್ಯಂತ ಹೆಸರಾಗಿದೆ. ದೊಡ್ಡ ಬ್ರ್ಯಾಂಡುಗಳು ಒಂದು ಕಾಲದಲ್ಲಿ ಅಲ್ಲಿನ ಕಾರ್ಖಾನೆಗಳಿಗೆ ಶೂ ತಯಾರಿಕೆಯ ಗುತ್ತಿಗೆ ಕೊಟ್ಟಿದ್ದವು. ಯಂತ್ರ, ಅಚ್ಚು, ಅಂಟು, ಹೊಲಿಗೆಯ ಪರಿಣತಿ ಎಲ್ಲವೂ ಅಲ್ಲಿ ನೆಲೆಯೂರಿದ ಮೇಲೆ ನಕಲು ತಯಾರಿಕೆಗೆ ಬೇಕಾದ ನೆಲೆಗಟ್ಟು ತಾನಾಗಿಯೇ ಸಿದ್ಧವಾಯಿತು. ಹಿಂದೆ ನಕಲಿ ಎಂದರೆ ಓರೆಯಾದ ಲಾಂಛನ, ತಪ್ಪು ಬಣ್ಣ, ಬಿಚ್ಚಿಕೊಳ್ಳುವ ಅಟ್ಟೆ. ಈಗ ಮೇಲ್ದರ್ಜೆಯ ನಕಲುಗಾರರು ಅಸಲಿ ಶೂವನ್ನೇ ಕೊಂಡು, ಬಿಚ್ಚಿ, ಅಳೆದು, ಅದರಂತೆಯೇ ಮಾಡುತ್ತಾರೆ. ಮರುಮಾರಾಟದ ಬೆಲೆ ಏರಿದಷ್ಟೂ ಇಂಥ ಶ್ರಮಕ್ಕೆ ಪ್ರತಿಫಲ ಹೆಚ್ಚುತ್ತದೆ. ಅಂದರೆ ಅಭಾವ ಬೆಲೆಯನ್ನು ಏರಿಸುತ್ತದೆ, ಏರಿದ ಬೆಲೆ ನಕಲಿನ ಗುಣಮಟ್ಟವನ್ನು ಏರಿಸುತ್ತದೆ, ಏರಿದ ಗುಣಮಟ್ಟ ಪರಿಶೀಲನೆಯನ್ನು ಕಠಿಣವಾಗಿಸುತ್ತದೆ.

ಪರಿಶೀಲನಾ ಕೇಂದ್ರದ ಮೇಜಿನ ಮೇಲೆ ಪೆಟ್ಟಿಗೆ ತೆರೆದಾಗ ಮೊದಲು ನೋಡುವುದು ಪೆಟ್ಟಿಗೆಯನ್ನೇ. ಅದರ ಚೀಟಿಯ ಮೇಲಿನ ಮಾದರಿ ಸಂಖ್ಯೆ ಮತ್ತು ಅಳತೆ, ಶೂವಿನ ನಾಲಿಗೆಯ ಒಳಗಿನ ಚೀಟಿಯೊಂದಿಗೆ ಹೊಂದಬೇಕು. ಅಕ್ಷರಗಳ ದಪ್ಪ, ಅವುಗಳ ನಡುವಿನ ಅಂತರ ಸರಿಯಿರಬೇಕು. ಹಿಮ್ಮಡಿಯ ಆಕಾರ, ಹೊಲಿಗೆಯ ಎಳೆಗಳ ದೂರ, ಒಳಅಟ್ಟೆ ಎತ್ತಿದಾಗ ಕಾಣುವ ಅಂಟಿನ ಗುರುತು, ನೇರಳಾತೀತ ಬೆಳಕಿನಲ್ಲಿ ಮಾತ್ರ ಹೊಳೆಯುವ ಗೆರೆಗಳು, ಕಡೆಗೆ ವಾಸನೆ ಕೂಡ ಪರೀಕ್ಷೆಗೆ ಒಳಗಾಗುತ್ತದೆ. ಅಂಟು ಮತ್ತು ದ್ರಾವಕಗಳು ಬೇರೆಯಾದರೆ ಹೊಸ ಶೂವಿನ ವಾಸನೆಯೂ ಬೇರೆಯಾಗುತ್ತದೆ. ಆದರೆ ಅಸಲಿ ಶೂಗಳೆಲ್ಲ ಒಂದೇ ಬಗೆಯಾಗಿರುವುದಿಲ್ಲ. ಒಂದೇ ಮಾದರಿ ಬೇರೆಬೇರೆ ಕಾರ್ಖಾನೆಗಳಲ್ಲಿ ತಯಾರಾದಾಗ ಸಣ್ಣಪುಟ್ಟ ವ್ಯತ್ಯಾಸಗಳು ಉಳಿದೇ ಉಳಿಯುತ್ತವೆ. ಪರಿಶೀಲಕರಿಗೆ ಎದುರಾಗುವ ಕಷ್ಟ ಇದು: ಈ ವ್ಯತ್ಯಾಸ ಕಾರ್ಖಾನೆಯದೋ, ನಕಲುಗಾರನದೋ? ಖಚಿತವಾಗಿ ಹೇಳಬಲ್ಲ ತಾಂತ್ರಿಕ ಮಾಹಿತಿ ಇರುವುದು ತಯಾರಕರ ಬಳಿ. ತಯಾರಕರು ಅದನ್ನು ತಮ್ಮ ಜೊತೆ ಪೈಪೋಟಿ ನಡೆಸುವ ತಾಣಗಳಿಗೆ ಕೊಡಬೇಕಾದ ಅಗತ್ಯವಿಲ್ಲ.

ಕೋರ್ಟಿನಲ್ಲಿ ಎರಡು ವಾದ

ಮೊಕದ್ದಮೆ ಆರಂಭವಾದದ್ದು ನಕಲಿ ಶೂಗಳ ವಿಷಯದಿಂದಲ್ಲ. 2022ರ ಜನವರಿಯಲ್ಲಿ ಸ್ಟಾಕ್‌ಎಕ್ಸ್ ತನ್ನ ಗೋದಾಮಿನಲ್ಲಿರುವ ನಿಜವಾದ ಶೂಗಳಿಗೆ ತಳಕುಹಾಕಿದ ಎನ್‌ಎಫ್‌ಟಿಗಳನ್ನು, ಅಂದರೆ ಡಿಜಿಟಲ್ ಒಡೆತನದ ಚೀಟಿಗಳನ್ನು, ಮಾರತೊಡಗಿತು. ಅವುಗಳ ಮೇಲೆ ನೈಕಿ ಶೂಗಳ ಚಿತ್ರವಿತ್ತು. ತನ್ನ ಟ್ರೇಡ್‌ಮಾರ್ಕ್ ಬಳಸಿ ಹೊಸ ಸರಕೊಂದನ್ನೇ ಸೃಷ್ಟಿಸಲಾಗಿದೆ ಎಂದು ನೈಕಿ ಫೆಬ್ರವರಿಯಲ್ಲಿ ಕೋರ್ಟಿಗೆ ಹೋಯಿತು. ಅದು ಶೂವಿನ ರಸೀದಿಯಂತಹದು, ಬೇರೆ ಸರಕಲ್ಲ ಎಂಬುದು ಸ್ಟಾಕ್‌ಎಕ್ಸ್ ಉತ್ತರ. ಮೇ ತಿಂಗಳಲ್ಲಿ ನೈಕಿ ಮತ್ತೊಂದು ಆರೋಪ ಸೇರಿಸಿತು: ಸ್ಟಾಕ್‌ಎಕ್ಸ್‌ನಿಂದ ತಾನು ಖರೀದಿಸಿದ 4 ಜೊತೆ ಶೂಗಳು ನಕಲಿ, ಅವಕ್ಕೆ ಅಸಲಿ ಎಂದು ದೃಢೀಕರಿಸುವ ಪಟ್ಟಿಯನ್ನೂ (ಟ್ಯಾಗ್) ಕಟ್ಟಲಾಗಿತ್ತು. ಒಬ್ಬ ಗ್ರಾಹಕನಿಗೆ ಬಂದ 33 ಜೊತೆಗಳು ಆಮೇಲೆ ಸೇರಿ 37 ಆಯಿತು.

ಸ್ಟಾಕ್‌ಎಕ್ಸ್ ಈ ಆರೋಪವನ್ನು ಆಧಾರರಹಿತವೆಂದು ತಳ್ಳಿಹಾಕಿತು. ನೈಕಿಯ ಬ್ರ್ಯಾಂಡ್ ರಕ್ಷಣಾ ತಂಡವೇ ತನ್ನ ಪರಿಶೀಲನೆಯಲ್ಲಿ ವಿಶ್ವಾಸ ವ್ಯಕ್ತಪಡಿಸಿತ್ತು, ಹಿರಿಯ ಅಧಿಕಾರಿಗಳೂ ಸೇರಿದಂತೆ ನೈಕಿಯ ನೂರಾರು ನೌಕರರು ತನ್ನ ತಾಣದಲ್ಲಿ ಕೊಳ್ಳುತ್ತಾರೆ, ಮಾರುತ್ತಾರೆ ಎಂದು ಅದು ಹೇಳಿತು. ಈ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಮರುಮಾರಾಟದ ಮೇಲೆ ಹತೋಟಿ ಸಾಧಿಸಲು ನೈಕಿ ನಕಲಿಯ ನೆಪ ಹಿಡಿದಿದೆ ಎಂಬ ಸಂಶಯವನ್ನು ಮರುಮಾರಾಟಗಾರರು ಹಲವರು ವ್ಯಕ್ತಪಡಿಸಿದ್ದರು. ಆದರೂ ಕಾನೂನಿನ ಪ್ರಶ್ನೆ ಬೇರೆ ಇತ್ತು.

ಅಮೆರಿಕದ ಕಾನೂನಿನಲ್ಲಿ ಅಸಲಿ ವಸ್ತುವನ್ನು ಒಮ್ಮೆ ಮಾರಿದ ಮೇಲೆ ಅದರ ಮರುಮಾರಾಟವನ್ನು ಟ್ರೇಡ್‌ಮಾರ್ಕ್ ಒಡೆಯ ಸಾಮಾನ್ಯವಾಗಿ ತಡೆಯಲಾಗದು. ಮೊದಲ ಮಾರಾಟದ ತತ್ವ ಎಂದು ಇದನ್ನು ಕರೆಯುತ್ತಾರೆ. ಮರುಮಾರಾಟದ ಉದ್ಯಮವೆಲ್ಲ ನಿಂತಿರುವುದು ಈ ತತ್ವದ ಮೇಲೆ. ಆದರೆ ವಸ್ತು ನಕಲಿಯಾದರೆ ಈ ರಕ್ಷಣೆ ಇಲ್ಲ. ಮಾರಿದವನಿಗೆ ಅದು ನಕಲಿಯೆಂದು ತಿಳಿದಿರಲಿಲ್ಲ ಎಂಬುದೂ ಹೊಣೆಯಿಂದ ಪಾರು ಮಾಡುವುದಿಲ್ಲ. ಹಾಗಿದ್ದರೆ ಇಬೇಯಂತಹ ತಾಣಗಳು ಉಳಿದುಕೊಂಡದ್ದು ಹೇಗೆ? ಆಭರಣ ಕಂಪನಿ ಟಿಫನಿ ಹೂಡಿದ್ದ ದಾವೆಯಲ್ಲಿ 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಇಬೇ ಪರವಾಗಿ ತೀರ್ಪು ನೀಡಿತ್ತು. ತಾಣದಲ್ಲಿ ನಕಲಿ ಮಾಲು ಇದೆಯೆಂಬ ಸಾಮಾನ್ಯ ತಿಳಿವಳಿಕೆ ಸಾಲದು, ಇಂಥ ಮಾಲೇ ನಕಲಿ ಎಂದು ನಿರ್ದಿಷ್ಟವಾಗಿ ತಿಳಿದೂ ಮಾರಾಟ ಮುಂದುವರಿಸಿದರೆ ಮಾತ್ರ ತಾಣ ಹೊಣೆ ಎಂಬುದು ಅದರ ಸಾರ. ಇಬೇ ಅಂದು ಮಾರುವವನನ್ನೂ ಕೊಳ್ಳುವವನನ್ನೂ ಭೇಟಿ ಮಾಡಿಸುತ್ತಿತ್ತೇ ಹೊರತು ಸರಕನ್ನು ಮುಟ್ಟುತ್ತಿರಲಿಲ್ಲ.

ಸ್ಟಾಕ್‌ಎಕ್ಸ್ ಮುಟ್ಟುತ್ತದೆ. ಶೂ ಅದರ ಕಟ್ಟಡಕ್ಕೆ ಬರುತ್ತದೆ, ಅದರ ಸಿಬ್ಬಂದಿ ಪೆಟ್ಟಿಗೆ ತೆರೆಯುತ್ತಾರೆ, ಅದರ ಪಟ್ಟಿ ಕಟ್ಟಲಾಗುತ್ತದೆ, ಅದರ ಹೆಸರಿನಲ್ಲಿ ಹೊರಡುತ್ತದೆ. ಮಾರುವವನು ಯಾರೆಂದೇ ಕೊಳ್ಳುವವನಿಗೆ ಗೊತ್ತಿರದಿದ್ದಾಗ ಅವನ ಪಾಲಿಗೆ ತಾಣವೇ ಮಾರಾಟಗಾರ. ಗ್ರಾಹಕರ ನಂಬಿಕೆ ಗಳಿಸಲು ಕಟ್ಟಿದ ವ್ಯವಸ್ಥೆಯೇ ಕಾನೂನಿನ ಹೊಣೆಯನ್ನೂ ಎಳೆದು ತಂದಿತು. ಇದರಲ್ಲಿ ಅನ್ಯಾಯವಾಗಿದೆ ಎಂದು ನನಗನಿಸುವುದಿಲ್ಲ. ನೋಡಿ ಹೇಳುವುದಕ್ಕೆಂದೇ ಹಣ ಪಡೆದವರು, ನೋಡಿದ್ದು ತಪ್ಪಾದಾಗ ತಾವು ಬರೀ ಮಧ್ಯವರ್ತಿ ಎನ್ನುವಂತಿಲ್ಲ. ತಪ್ಪುಗಳ ಪ್ರಮಾಣ ತೀರಾ ಸಣ್ಣದೆಂಬ ವಾದಕ್ಕೂ ಇಲ್ಲಿ ಹೆಚ್ಚಿನ ಬೆಲೆಯಿಲ್ಲ, ಏಕೆಂದರೆ ನಕಲಿ ಶೂ ಪಡೆದ ಗ್ರಾಹಕನಿಗೆ ಅದು ಸಣ್ಣ ಪ್ರಮಾಣವಲ್ಲ, ಅವನು ತೆತ್ತ ಪೂರ್ತಿ ಹಣ.

ವಿಚಾರಣೆ ನಡೆಯುತ್ತಿರುವಾಗಲೇ, 2022ರ ನವೆಂಬರ್‌ನಲ್ಲಿ, ಸ್ಟಾಕ್‌ಎಕ್ಸ್ ತನ್ನ ಪಟ್ಟಿಯ ಮೇಲಿನ 'ಅಸಲಿ ಎಂದು ಪರಿಶೀಲಿಸಲಾಗಿದೆ' ಎಂಬ ಅರ್ಥದ ಮಾತನ್ನು ಕೈಬಿಟ್ಟು, ಬರೀ 'ಪರಿಶೀಲಿಸಲಾಗಿದೆ' ಎಂದು ಬದಲಿಸಿಕೊಂಡಿತು. ಗ್ರಾಹಕರಲ್ಲಿ ಹೆಚ್ಚಿನವರು ಈ ಬದಲಾವಣೆಯನ್ನು ಗಮನಿಸಿರಲಾರರು. ಭರವಸೆ ಎಷ್ಟು ಕಿರಿದಾಯಿತೆಂಬುದು ಮಾತ್ರ ಇದರಿಂದ ತಿಳಿಯುತ್ತದೆ.

ಬೆಲೆ ಇಳಿದದ್ದು ಏಕೆ

ಮೊಕದ್ದಮೆಯ ಸುದ್ದಿಯ ಜೊತೆಯಲ್ಲೇ ಮರುಮಾರಾಟದ ಬೆಲೆಗಳು ಕುಸಿದ ಸುದ್ದಿಯೂ ಬರುತ್ತಿದ್ದುದರಿಂದ ಒಂದಕ್ಕೆ ಇನ್ನೊಂದು ಕಾರಣವೆಂದು ಭಾವಿಸಿದವರಿದ್ದಾರೆ. ಹಾಗಲ್ಲ. 2020 ಮತ್ತು 2021ರಲ್ಲಿ ಜನ ಮನೆಯಲ್ಲಿದ್ದರು, ಕೈಯಲ್ಲಿ ಸರ್ಕಾರ ಕೊಟ್ಟ ಪರಿಹಾರಧನವಿತ್ತು, ಕಾರ್ಖಾನೆ ಮತ್ತು ಬಂದರುಗಳ ಅಡಚಣೆಯಿಂದ ಪೂರೈಕೆ ಕುಗ್ಗಿತ್ತು. ಬೆಲೆ ಏರಲು ಇಷ್ಟು ಸಾಕಾಗಿತ್ತು. ಉತ್ತರ ಅಮೆರಿಕದಲ್ಲಿ 200 ಕೋಟಿ ಡಾಲರಿನ ಈ ಮಾರುಕಟ್ಟೆ 2025ರ ಹೊತ್ತಿಗೆ 600 ಕೋಟಿ ಮುಟ್ಟುತ್ತದೆ ಎಂದು ಕೋವನ್ ಎಂಬ ಹೂಡಿಕೆ ಸಂಸ್ಥೆ 2019ರಲ್ಲಿ ಅಂದಾಜಿಸಿತ್ತು. ಇಂಥ ಅಂದಾಜುಗಳನ್ನು ಓದಿ ಶೂವನ್ನು ಹೂಡಿಕೆಯೆಂದು ಕೊಂಡಿಟ್ಟವರು ಬಹಳ ಮಂದಿ.

ಆಮೇಲೆ ಪೂರೈಕೆ ಮರಳಿತು, ಮಾತ್ರವಲ್ಲ ಉಕ್ಕಿ ಹರಿಯಿತು. 2021ರ ಆರಂಭದಲ್ಲಿ 100 ಡಾಲರಿಗೆ ಬಿಡುಗಡೆಯಾದ ಕಪ್ಪು ಬಿಳುಪಿನ 'ಪಾಂಡಾ' ಡಂಕ್ ಶೂವನ್ನು ನೈಕಿ ಮತ್ತೆ ಮತ್ತೆ ಮಾರುಕಟ್ಟೆಗೆ ತಂದಿತು. ಒಮ್ಮೆ ದುರ್ಲಭವಾಗಿದ್ದ ಶೂ ಎಲ್ಲರ ಕಾಲಿನಲ್ಲೂ ಕಾಣಿಸತೊಡಗಿದಾಗ ಹೆಚ್ಚಿನ ಬೆಲೆಗೆ ಕಾರಣವೇ ಉಳಿಯಲಿಲ್ಲ. ಅಡಿಡಾಸ್ ಕಡೆ ಇನ್ನೊಂದು ಬಗೆಯ ಪೆಟ್ಟು ಬಿತ್ತು. ಗಾಯಕ ಯೇ (ಹಿಂದಿನ ಹೆಸರು ಕಾನ್ಯೆ ವೆಸ್ಟ್) ಅವರ ಯೆಹೂದಿ ದ್ವೇಷದ ಮಾತುಗಳ ಬಳಿಕ 2022ರ ಅಕ್ಟೋಬರ್ 25ರಂದು ಕಂಪನಿ ಅವರೊಡನೆ ಸಂಬಂಧ ಕಡಿದುಕೊಂಡಿತು, ಅವರೊಡನೆ ಸೇರಿ ತರುತ್ತಿದ್ದ ಯೀಝಿ ಶೂಗಳ ಉಳಿದಿದ್ದ ಭಾರೀ ದಾಸ್ತಾನನ್ನು 2023ರ ಮೇ ತಿಂಗಳಿಂದ ಕಂತುಗಳಲ್ಲಿ ಮಾರಿತು. ಇನ್ನು ತಯಾರಾಗುವುದಿಲ್ಲ, ಆದ್ದರಿಂದ ಬೆಲೆ ಏರುತ್ತದೆ ಎಂದು ಲೆಕ್ಕ ಹಾಕಿ ಕೊಂಡಿದ್ದವರ ಮುಂದೆ ಹೊಸ ದಾಸ್ತಾನು ಬಂದು ಬಿದ್ದಿತು. ಶೂಗಳ ಬೆಲೆಯ ಕೀಲಿ ಯಾರ ಕೈಯಲ್ಲಿದೆ ಎಂಬುದಕ್ಕೆ ಇವೆರಡಕ್ಕಿಂತ ಬೇರೆ ನಿದರ್ಶನ ಬೇಡ. 2024ರಲ್ಲಿ ನೈಕಿ ತನ್ನ ಹಳೆಯ ಜನಪ್ರಿಯ ಮಾದರಿಗಳ ಪೂರೈಕೆಯನ್ನು ತಾನಾಗಿಯೇ ತಗ್ಗಿಸಲು ಮುಂದಾಯಿತು. ಅದರ ಹಿಂದೆಯೂ ಇದೇ ಲೆಕ್ಕವಿದೆ.

ಶೂವನ್ನು ಹೂಡಿಕೆಯೆಂದು ಪರಿಗಣಿಸುವುದಕ್ಕೆ ವಸ್ತುವಿನ ಗುಣದಲ್ಲೇ ಒಂದು ಅಡ್ಡಿಯಿದೆ. ಹಲವು ಸ್ನೀಕರ್‌ಗಳ ನಡುಅಟ್ಟೆ ಪಾಲಿಯುರೆಥೇನ್‌ನಿಂದ ಮಾಡಿದ್ದು. ಗಾಳಿಯ ತೇವಾಂಶ ಅದರ ರಾಸಾಯನಿಕ ಕೊಂಡಿಗಳನ್ನು ನಿಧಾನವಾಗಿ ಕಡಿಯುತ್ತದೆ. ಪೆಟ್ಟಿಗೆಯಿಂದ ಒಮ್ಮೆಯೂ ಹೊರತೆಗೆಯದ ಶೂ ಕೂಡ ವರ್ಷಗಳ ಮೇಲೆ ಕಾಲಿಗೆ ಹಾಕಿದ ಕೂಡಲೇ ಪುಡಿಪುಡಿಯಾಗಿ ಉದುರಬಹುದು. ಬಳಸದೆ ಇಟ್ಟರೆ ಇನ್ನೂ ಬೇಗ ಹಾಳಾಗುತ್ತದೆ ಎನ್ನುವ ಸಂಗ್ರಾಹಕರೂ ಇದ್ದಾರೆ. ಮೈಕಲ್ ಜೋರ್ಡನ್ 1998ರ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಫೈನಲ್ಸ್‌ನಲ್ಲಿ ತೊಟ್ಟಿದ್ದ ಶೂಗಳು 2023ರಲ್ಲಿ ಸದಬೀಸ್ ಹರಾಜಿನಲ್ಲಿ 22 ಲಕ್ಷ ಡಾಲರಿಗೆ ಹೋದವು ಎಂಬುದು ನಿಜ. ಅದು ಚರಿತ್ರೆಗೆ ಸಿಕ್ಕ ಬೆಲೆ. ಅಂಗಡಿಯಿಂದ ತಂದ ಪೆಟ್ಟಿಗೆಗೆ ಆ ಲೆಕ್ಕ ಹೊಂದುವುದಿಲ್ಲ.

ಕೈಗೆ ಬಾರದ ಶೂಗಳ ವ್ಯಾಪಾರ

ಬೆಲೆ ಏರುತ್ತಲೇ ಇರುತ್ತದೆಂಬ ನಂಬಿಕೆ ಎಲ್ಲಿಗೆ ಒಯ್ಯಬಲ್ಲದು ಎಂಬುದನ್ನು ಅಮೆರಿಕದ ಒರೆಗಾನ್‌ನ ಜಾದೆ ಕಿಕ್ಸ್ ಪ್ರಕರಣ ತೋರಿಸಿತು. ಬಿಡುಗಡೆಗೆ ಮುನ್ನವೇ ಮುಂಗಡ ಹಣ ಪಡೆದು ಶೂ ಕೊಡುವುದಾಗಿ ಹೇಳುತ್ತಿದ್ದ ಆ ಕಂಪನಿಗೆ ಏರ್ ಜೋರ್ಡನ್ 11 'ಕೂಲ್ ಗ್ರೇ' ಮಾದರಿಯೊಂದಕ್ಕೇ 6 ಲಕ್ಷಕ್ಕೂ ಹೆಚ್ಚು ಜೊತೆಗಳ ಆರ್ಡರ್ ಬಂದಿತ್ತು, 7 ಕೋಟಿ ಡಾಲರಿಗೂ ಹೆಚ್ಚು ಹಣ ಸೇರಿತ್ತು. ಆ ಕಂಪನಿಗೆ ಹೊಂದಿಸಲು ಸಾಧ್ಯವಾದದ್ದು 6 ಸಾವಿರಕ್ಕೆ ತುಸು ಹೆಚ್ಚು ಜೊತೆಗಳನ್ನು ಎಂದು 2022ರಲ್ಲಿ ಫೆಡರಲ್ ಅಭಿಯೋಜಕರು ಆರೋಪಿಸಿದರು. ಹಣ ಕಟ್ಟಿದವರಲ್ಲಿ ಅನೇಕರು ತಾವೂ ಮರುಮಾರಾಟಗಾರರೇ ಆಗಿದ್ದರು.

ಚೀನಾದಲ್ಲಿ ಇದೇ ಹುಚ್ಚು ಸಟ್ಟಾ ವ್ಯಾಪಾರದ ರೂಪ ತಾಳಿದಾಗ, 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಬ್ಯಾಂಕಿನ ಶಾಂಘೈ ಕಚೇರಿ ಶೂ ಸಟ್ಟೆಯಿಂದ ಹಣಕಾಸಿನ ಅಪಾಯವಿದೆಯೆಂದು ಎಚ್ಚರಿಸಿತು. 2021ರ ಏಪ್ರಿಲ್‌ನಲ್ಲಿ ಡೆವು ಎಂಬ ತಾಣದಲ್ಲಿ 1,499 ಯುವಾನ್ ಬೆಲೆಯ, ಲೀ ನಿಂಗ್ ಎಂಬ ಚೀನೀ ಬ್ರ್ಯಾಂಡಿನ ಶೂ 48,889 ಯುವಾನ್‌ಗೆ ಏರಿ ಕೂತಿತ್ತು. ಸರ್ಕಾರಿ ಮಾಧ್ಯಮಗಳು ಟೀಕಿಸಿದ ಮೇಲೆ ತಾಣ ಅಂಥ ಮಾರಾಟಗಳನ್ನು ತೆಗೆದುಹಾಕಿತು.

ತೆರಿಗೆ ಮತ್ತು ಸುಂಕ

ಹವ್ಯಾಸವೆಂದು ಆರಂಭಿಸಿದ ಮಾರಾಟ ಯಾವಾಗ ವ್ಯಾಪಾರವಾಗುತ್ತದೆ ಎಂಬ ಪ್ರಶ್ನೆಯೂ ಈಚೆಗೆ ತೀವ್ರವಾಗಿದೆ. ಅಮೆರಿಕದಲ್ಲಿ 600 ಡಾಲರ್ ಮೀರಿದ ಮಾರಾಟವನ್ನೆಲ್ಲ ತಾಣಗಳು ತೆರಿಗೆ ಇಲಾಖೆಗೆ ತಿಳಿಸಬೇಕೆಂದು 2021ರ ಕಾಯ್ದೆ ಹೇಳಿತು. ಜಾರಿ ಮುಂದೂಡುತ್ತ ಹೋಗಿ, 2025ರ ಜುಲೈನಲ್ಲಿ ಹಳೆಯ ಮಿತಿಯನ್ನೇ, ಅಂದರೆ 20,000 ಡಾಲರ್ ಮತ್ತು 200 ವ್ಯವಹಾರಗಳನ್ನು, ಮರಳಿ ತರಲಾಯಿತು. ಯುರೋಪಿನ ಒಕ್ಕೂಟದಲ್ಲಿ ವರ್ಷಕ್ಕೆ 30 ಮಾರಾಟ ಮುಟ್ಟಿದ ಅಥವಾ 2,000 ಯೂರೋ ಮೀರಿದವರ ವಿವರವನ್ನು 2023ರಿಂದ ತಾಣಗಳು ಕೊಡಬೇಕಾಗಿದೆ. ಇಲ್ಲಿ ಜನ ತಪ್ಪಾಗಿ ತಿಳಿಯುವುದು ಒಂದಿದೆ: ವರದಿಯ ಮಿತಿ ಏರಿದರೆ ತೆರಿಗೆಯೇ ಮಾಫಿ ಆಯಿತೆಂದು ಅರ್ಥವಲ್ಲ. ಲಾಭಕ್ಕೆ ತೆರಿಗೆ ಮೊದಲಿನಂತೆಯೇ ಇದೆ.

ಗಡಿ ದಾಟುವ ಮಾರಾಟಕ್ಕೆ ಬಿದ್ದ ಪೆಟ್ಟು ಇದಕ್ಕಿಂತ ದೊಡ್ಡದು. 800 ಡಾಲರಿನೊಳಗಿನ ಪಾರ್ಸೆಲ್‌ಗಳು ಸುಂಕವಿಲ್ಲದೆ ಅಮೆರಿಕಕ್ಕೆ ಬರಬಹುದಿದ್ದ ವಿನಾಯಿತಿಯನ್ನು ಚೀನಾದ ಸರಕಿಗೆ 2025ರ ಮೇ ತಿಂಗಳಲ್ಲಿ, ಉಳಿದೆಲ್ಲ ದೇಶಗಳಿಗೆ ಆಗಸ್ಟ್ 29ರಿಂದ ನಿಲ್ಲಿಸಲಾಯಿತು. ಸ್ನೀಕರ್‌ಗಳಲ್ಲಿ ಹೆಚ್ಚಿನವು ಈ ಮಿತಿಯೊಳಗೇ ಬರುತ್ತಿದ್ದವು. ಸುಂಕದ ಲೆಕ್ಕ ಮಾರುವವನ ದೇಶದ ಮೇಲಲ್ಲ, ಶೂ ತಯಾರಾದ ದೇಶದ ಮೇಲೆ ನಡೆಯುವುದರಿಂದ, ಯುರೋಪಿನವನು ಕಳುಹಿಸಿದರೂ ವಿಯೆಟ್ನಾಂನಲ್ಲಿ ಹೊಲಿದ ಶೂ ವಿಯೆಟ್ನಾಂನದೇ. ಮೇಲಿನ ಉದಾಹರಣೆಯ 3 ಡಾಲರ್ ಲಾಭದಲ್ಲಿ ಇಂಥ ಹೊರೆಗೆ ಜಾಗವೆಲ್ಲಿದೆ?

ರಾಜಿಯಿಂದ ಉಳಿದದ್ದು

ರಾಜಿಯಾದ್ದರಿಂದ ಪ್ರಕರಣ ಮೇಲ್ಮನವಿಗೆ ಹೋಗಲಿಲ್ಲ. ಸರಕನ್ನು ಮುಟ್ಟದ ಇಬೇ ಬಗ್ಗೆ 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿದ ಮಾತಿದೆ, ಸರಕನ್ನು ಮುಟ್ಟುವ ತಾಣದ ಬಗ್ಗೆ ಕೆಳಹಂತದ ನ್ಯಾಯಾಲಯವೊಂದರ ತೀರ್ಮಾನವಿದೆ. ಇವೆರಡನ್ನೂ ಎದುರಿಟ್ಟು ಗೆರೆ ಎಳೆಯುವ ಮೇಲಿನ ಕೋರ್ಟಿನ ತೀರ್ಪು ಇಲ್ಲ. 2020ರಿಂದ ಇಬೇ ಕೂಡ ದುಬಾರಿ ಸ್ನೀಕರ್‌ಗಳನ್ನು ತಾನೇ ತರಿಸಿಕೊಂಡು ಪರಿಶೀಲಿಸುತ್ತಿದೆ, ಅದಕ್ಕೆಂದು 2021ರಲ್ಲಿ, ಸ್ನೀಕರ್ ಮೇಳಗಳನ್ನು ನಡೆಸುವ ಸ್ನೀಕರ್ ಕಾನ್‌ನ ಪರಿಶೀಲನಾ ಘಟಕವನ್ನೇ ಕೊಂಡಿತು. ಅಂದರೆ ಅದೂ ಈಗ ಗೆರೆಯ ಈ ಕಡೆಗೆ ಬಂದಂತಾಗಿದೆ. ತಾಣಗಳ ಮುಂದೆ ಎರಡು ದಾರಿಗಳಿವೆ: ಪರಿಶೀಲನೆಗೆ ಹೆಚ್ಚು ಖರ್ಚು ಮಾಡಿ ಶುಲ್ಕ ಏರಿಸುವುದು, ಇಲ್ಲವೇ ಭರವಸೆಯ ಮಾತುಗಳನ್ನು ಇನ್ನಷ್ಟು ಸಡಿಲಗೊಳಿಸುವುದು. ಎರಡನೆಯದು ಅಗ್ಗ, ಆದ್ದರಿಂದ ಅದೇ ಹೆಚ್ಚು ಸಂಭವನೀಯ.

ಕೊಳ್ಳುವವನ ಸ್ಥಿತಿ ಈ ಎಲ್ಲದರ ನಡುವೆ ಹೆಚ್ಚೇನೂ ಸುಧಾರಿಸಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಸಾಗಣೆಯ ಮಾತು ತಪ್ಪಿದ್ದಕ್ಕೆ ಮತ್ತು ಖರೀದಿದಾರರ ರಕ್ಷಣೆಯ ಭರವಸೆ ಉಳಿಸಿಕೊಳ್ಳದ್ದಕ್ಕೆ ಗೋಟ್‌ನಿಂದ 20 ಲಕ್ಷ ಡಾಲರಿಗೂ ಹೆಚ್ಚು ಹಣ ವಸೂಲಿ ಮಾಡಿದ್ದು 2024ರ ಡಿಸೆಂಬರ್‌ನಲ್ಲಿ. ಅದು ಸರ್ಕಾರಿ ಸಂಸ್ಥೆಯೊಂದು ಮುಂದಾದಾಗ ಸಿಕ್ಕ ಫಲ. ನೈಕಿಯಂತಹ ಕಂಪನಿಗೆ ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡುವ ಶಕ್ತಿಯಿದೆ. ಒಬ್ಬ ಗ್ರಾಹಕನ ಹಾದಿ ಬೇರೆ. ಖಾತೆ ತೆರೆಯುವಾಗ ಅವನು ಒಪ್ಪುವ ನಿಯಮಗಳಲ್ಲಿ ವಿವಾದಗಳನ್ನು ಕೋರ್ಟಿಗೆ ಒಯ್ಯದೆ ಮಧ್ಯಸ್ಥಿಕೆಯಲ್ಲಿ ಬಗೆಹರಿಸಿಕೊಳ್ಳಬೇಕೆಂಬ ಷರತ್ತು ಇರುತ್ತದೆ. 2019ರಲ್ಲಿ ಸ್ಟಾಕ್‌ಎಕ್ಸ್‌ನ ಲಕ್ಷಾಂತರ ಗ್ರಾಹಕರ ಮಾಹಿತಿ ಸೋರಿಕೆಯಾದಾಗ ಹೂಡಿದ ಸಾಮೂಹಿಕ ದಾವೆ, ಇದೇ ಷರತ್ತಿನ ಕಾರಣಕ್ಕೆ 2021ರಲ್ಲಿ ಮೇಲ್ಮನವಿಯಲ್ಲೂ ಬಿದ್ದುಹೋಗಿ ಮಧ್ಯಸ್ಥಿಕೆಗೆ ಹೋಯಿತು. ಆದ್ದರಿಂದ ತಾಣವೊಂದರಲ್ಲಿ ಹಣ ಕಟ್ಟುವ ಮುನ್ನ ಓದಬೇಕಾದದ್ದು ಪಟ್ಟಿಯ ಮೇಲಿನ ಮಾತನ್ನಲ್ಲ, ನಿಯಮಗಳ ಪುಟವನ್ನು: ನಕಲಿಯೆಂದು ತೋರಿದರೆ ಎಷ್ಟು ದಿನಗಳೊಳಗೆ ತಿಳಿಸಬೇಕು, ಪಟ್ಟಿ ತೆಗೆದರೆ ವಾಪಸಾತಿ ಉಳಿಯುತ್ತದೆಯೇ, ಅದು ನಕಲಿಯೋ ಅಸಲಿಯೋ ಎಂಬ ಕೊನೆಯ ಮಾತು ಯಾರದು. ತಾಣ ತಾನೇ ಪರಿಶೀಲಿಸಿ ಕಳುಹಿಸಿದ ಶೂವಿನ ಬಗ್ಗೆ ಬಂದ ದೂರನ್ನು ತಾನೇ ವಿಚಾರಿಸಿ ತಾನೇ ತೀರ್ಮಾನಿಸುವ ಕ್ರಮ ಇರುವವರೆಗೆ, ಕಪ್ರೋನಿ ಅವರ ತೀರ್ಮಾನದ ಪ್ರಯೋಜನ ಬ್ರ್ಯಾಂಡುಗಳಿಗೆ ಸಿಕ್ಕಷ್ಟು ಗ್ರಾಹಕರಿಗೆ ಸಿಗುವುದಿಲ್ಲ.